ಮೋಡ ಬಂದರೆ ಪೊರಕೆ ಹಿಡಿಯುವ ಊರು

ಜೋಧಪುರಕ್ಕೆ ಬಂದ ಮೊದಲ ವರ್ಷದ ಜುಲೈ. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟಿತು. ನಾನು ಹೊಸನಗರ ತಾಲ್ಲೂಕಿನವನು. ಮೋಡ ಕಂಡರೆ ಕಾಲು ತಾನಾಗಿ ಓಡುತ್ತದೆ. ಒಣಹಾಕಿದ ಬಟ್ಟೆ ತೆಗೆಯಬೇಕು, ಅಂಗಳದ ಅಡಿಕೆ ಒಳಗೆ ತರಬೇಕು, ಕಿಟಕಿ ಹಾಕಬೇಕು. ಅದೇ ಅಭ್ಯಾಸದಲ್ಲಿ ತಾರಸಿಗೆ ಓಡಿದೆ. ಅಲ್ಲಿ ಮನೆಯೊಡತಿ ಕಾಕೀಸಾ ಆಗಲೇ ಪೊರಕೆ ಹಿಡಿದು ನಿಂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಕಲ್ಲಿನ ತಾರಸಿಯನ್ನು ಮೂಲೆ ಬಿಡದೆ ಗುಡಿಸುತ್ತಿದ್ದರು. ಮೊಮ್ಮಗ ನೀರು ಒಳಗಿಳಿಯುವ ಕಿಂಡಿಗೆ ಹಳೇ ಬಟ್ಟೆ ತುರುಕುತ್ತಿದ್ದ.

"ನಿಂತು ನೋಡ್ಬೇಡ ಬೇಟಾ, ನೀನೂ ಒಂದು ಪೊರಕೆ ತಗೋ" ಅಂದರು.

ಮೊದಲ ಹತ್ತು ನಿಮಿಷದ ಮಳೆ ತಾರಸಿ ತೊಳೆದು ಬೀದಿಗೆ ಹೋಯಿತು. ಆಮೇಲೆ ಕಾಕೀಸಾ ಒಂದು ಹನಿಯನ್ನು ಅಂಗೈಗೆ ಹಿಡಿದು ನೋಡಿ, ಮೊಮ್ಮಗನಿಗೆ ಕಣ್ಣಲ್ಲೇ ಹೇಳಿದರು. ಅವನು ಬಟ್ಟೆ ಕಿತ್ತ. ಮನೆಯ ಹೊಟ್ಟೆಯೊಳಗೆ ಎಲ್ಲೋ ಗುಳುಗುಳು ಸದ್ದಾಯಿತು. ಆ ಸದ್ದು ಕೇಳುತ್ತಾ ಮನೆಯವರೆಲ್ಲ ಮಳೆಯಲ್ಲೇ ನಿಂತಿದ್ದರು. ಯಾರೂ ಒಳಗೆ ಓಡಲಿಲ್ಲ.

ಕಾಕೀಸಾ ಅಂದರೆ ಚಿಕ್ಕಮ್ಮ. ಕೊನೆಗೆ ಬರುವ 'ಸಾ' ನಮ್ಮ 'ಅವರು' ಇದ್ದ ಹಾಗೆ, ಮರ್ಯಾದೆಗೆ. ನಾನು ಬ್ಯಾಂಕ್ ನೌಕರ. ವರ್ಗವಾಗಿ ಬಂದವನು, ಹನ್ನೊಂದು ವರ್ಷವಾಯಿತು, ಇಲ್ಲೇ ಇದ್ದೇನೆ. ಸಾಲದ ಕೆಲಸಕ್ಕೆ ಓಸಿಯಾಂ, ಶೇರಗಢ, ಫಲೋದಿ ಕಡೆಯ ಹಳ್ಳಿಗಳಿಗೆ ತಿರುಗಿದ್ದೇನೆ. ಊರಿಗೆ ಹೋದಾಗಲೆಲ್ಲ ಒಂದು ಮಾತು ಕೇಳಿಸಿಕೊಳ್ಳುತ್ತೇನೆ: "ಪಾಪ, ನೀರಿಲ್ಲದ ಊರಲ್ಲಿ ಹೇಗಿದೀಯೋ?" ಆ 'ಪಾಪ'ಕ್ಕೆ ಉತ್ತರ ಕೊಡಬೇಕು ಅಂತ ಬಹಳ ದಿನದಿಂದ ಅನಿಸುತ್ತಿತ್ತು.

ನನಗೆ ಅನಿಸುವುದು ಇಷ್ಟು. ನೆಲ ಏನು ಕೊಡುತ್ತದೆ ಅನ್ನುವುದಕ್ಕಿಂತ ಏನು ಕೊಡುವುದಿಲ್ಲ ಅನ್ನುವುದೇ ಅಲ್ಲಿನ ಮನೆ, ಅಡುಗೆ, ಮಾತನ್ನು ಜಾಸ್ತಿ ತಿದ್ದುತ್ತದೆ. ಜೋಧಪುರದ ಸುತ್ತಲಿನ ಈ ಮಾರವಾಡಕ್ಕೆ ನೀರು ಸಿಗಲಿಲ್ಲ. ಅದಕ್ಕೇ ನೀರಿನ ವಿಷಯದಲ್ಲಿ ಇವರ ಹತ್ತಿರ ಕಲಿಯಲಿಕ್ಕೆ ಬೇಕಾದಷ್ಟಿದೆ. ನಮ್ಮ ಮಲೆನಾಡಿಗೆ ನೀರು ಯಾವತ್ತೂ ಕಡಿಮೆಯಾಗಿರಲಿಲ್ಲ. ಈಗ ಕಡಿಮೆಯಾಗುತ್ತಿದೆ. ಏನು ಮಾಡಬೇಕು ಅಂತ ನಮ್ಮ ಕೈಗೆ ಗೊತ್ತಿಲ್ಲ.

ಲೆಕ್ಕ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ. ಜೋಧಪುರದಲ್ಲಿ ಸುಮಾರು 350. ಇನ್ನೂ ಪಶ್ಚಿಮಕ್ಕೆ ಜೈಸಲ್ಮೇರ್ ಕಡೆ ಹೋದರೆ 200ರ ಆಸುಪಾಸು. ಅಂದರೆ ಆಗುಂಬೆಯಲ್ಲಿ ಒಂದು ಜೋರು ದಿನ ಬೀಳುವಷ್ಟು ಮಳೆ ಅಲ್ಲಿ ಇಡೀ ವರ್ಷಕ್ಕೆ. ಅದೂ ನಾಲ್ಕೈದು ಸಲಕ್ಕೆ ಮುಗಿದು ಹೋಗುತ್ತದೆ.

ನಮ್ಮ ಮನೆಗೆ ಅಬ್ಬಿ ನೀರು ಬರುತ್ತಿತ್ತು. ಹಿಂದಿನ ಗುಡ್ಡದ ಒರತೆಯಿಂದ ಅಡಿಕೆ ದಬ್ಬೆ ಜೋಡಿಸಿ ತಂದದ್ದು. ಆಮೇಲೆ ದಬ್ಬೆ ಹೋಗಿ ಪೈಪು ಬಂತು. ಆ ನೀರಿಗೆ ನಲ್ಲಿ ಇರಲಿಲ್ಲ. ಹಗಲೂ ರಾತ್ರಿ ಬಚ್ಚಲಿನ ತೊಟ್ಟಿಗೆ ಬೀಳುತ್ತಿತ್ತು, ತುಂಬಿ ತೋಟಕ್ಕೆ ಹರಿಯುತ್ತಿತ್ತು. ಮಲಗಿದಾಗ ಕೇಳುವ ಸದ್ದು ಅದೇ. ನೀರು ನಿಲ್ಲಿಸಬೇಕು ಅನ್ನುವ ಯೋಚನೆ ನಮಗೆ ಬಂದೇ ಇರಲಿಲ್ಲ. ನಮ್ಮ ಕಷ್ಟ ಬೇರೆಯದಾಗಿತ್ತು: ನೀರನ್ನು ದೂರ ಇಡುವುದು. ಇಳಿಜಾರು ಮಾಡು, ಮೇಲೆ ಹಂಚು. ಇರಚಲು ಒಳಗೆ ಬರದ ಹಾಗೆ ಜಗಲಿಗೆ ಸೋಗೆಯ ತಟ್ಟಿ. ತೋಟದಲ್ಲಿ ಬಸಿಗಾಲುವೆ. ತಲೆ ಮೇಲೆ ಕಂಬಳಿಕೊಪ್ಪೆ. ಅಡಿಕೆಗೆ ಕೊಳೆ ಬರದಿರಲಿ ಅಂತ ಬೋರ್ಡೋ ದ್ರಾವಣ. ಇಡೀ ಬದುಕೇ ನೀರನ್ನು ಬೇಗ ಸಾಗಹಾಕುವ ಉಪಾಯ.

ಇಲ್ಲಿ ಅದರ ತಿರುಗುಮುರುಗು. ಹಳ್ಳಿ ಮನೆಯ ಮುಂದೆ ನೆಲದೊಳಗೆ ದುಂಡಗಿನ ತೊಟ್ಟಿ ಕಟ್ಟುತ್ತಾರೆ. ಅದಕ್ಕೆ ಟಾಂಕಾ ಅಂತ ಹೆಸರು. ಸುತ್ತ ನೆಲವನ್ನು ಅದರ ಬಾಯಿಯ ಕಡೆಗೆ ಇಳಿಜಾರು ಮಾಡಿ ಗಟ್ಟಿ ಬಡಿದಿರುತ್ತಾರೆ. ಆ ನೆಲ ಆಗೋರ್. ಕಾಕೀಸಾ ಮನೆಗೆ ತಾರಸಿಯೇ ಆಗೋರ್. ಆಗೋರಿನಲ್ಲಿ ಚಪ್ಪಲಿ ಹಾಕಿ ನಡೆಯುವ ಹಾಗಿಲ್ಲ. ಆಡು ಕಟ್ಟುವ ಹಾಗಿಲ್ಲ. ಒಮ್ಮೆ ಗೊತ್ತಿಲ್ಲದೆ ಬೂಟು ಹಾಕಿಕೊಂಡೇ ಕಾಲಿಟ್ಟಾಗ ಆರು ವರ್ಷದ ಹುಡುಗಿ ಓಡಿ ಬಂದು ನನ್ನ ಪ್ಯಾಂಟು ಹಿಡಿದು ಎಳೆದಳು. ನಮ್ಮಲ್ಲಿ ದೇವರ ಮನೆಗೆ ಬೂಟು ಹಾಕಿ ಹೋದರೆ ಹೇಗೋ ಹಾಗೆ.

ಮೂರು ಮೀಟರ್ ಅಗಲ, ಮೂರು ಮೀಟರ್ ಆಳದ ಟಾಂಕಾದಲ್ಲಿ 21 ಸಾವಿರ ಲೀಟರ್ ಹಿಡಿಯುತ್ತದೆ. ಆರು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಅಂತ ಹಿಡಿದರೂ ವರ್ಷ ದಾಟುತ್ತದೆ. ಅಷ್ಟು ನೀರು ತುಂಬಲು ದೊಡ್ಡ ಮಳೆ ಬೇಡ. ಇವರ ಮಳೆಯೇ ಸಾಕು. ಆಗೋರ್ ಚೊಕ್ಕಟ ಇರಬೇಕು, ಅಷ್ಟೆ. ಮುಚ್ಚಳಕ್ಕೆ ಬೀಗ ಹಾಕಿರುತ್ತಾರೆ. ಮೊದಮೊದಲು ನೀರಿಗೂ ಬೀಗವಾ ಅಂತ ಮನಸ್ಸಿಗೆ ಕಷ್ಟವಾಯಿತು. ನಮ್ಮೂರಲ್ಲಿ ಅಡಿಕೆ ಅಟ್ಟಕ್ಕೆ ಬೀಗ ಹಾಕುತ್ತೇವಲ್ಲ, ಇದೂ ಹಾಗೇ ಅಂತ ಆಮೇಲೆ ಹೊಳೆಯಿತು.

ನೀರಿಗೇ ಇವರ ಹತ್ತಿರ ಬೇರೆ ಬೇರೆ ಹೆಸರು. ಆಕಾಶದಿಂದ ಬಿದ್ದು ನೇರ ಸಿಕ್ಕಿದ್ದು ಪಾಲರ್. ಆಳದ ಬಾವಿಯದು ಪಾತಾಳ, ಅದು ಹೆಚ್ಚಾಗಿ ಉಪ್ಪು. ಇವೆರಡರ ನಡುವೆ ಇನ್ನೊಂದಿದೆ, ರೇಜಾಣಿ. ಕೆಲವು ಕಡೆ ಮರಳಿನ ಕೆಳಗೆ ಜಿಪ್ಸಂ ಪದರ ಇರುತ್ತದೆ. ಮಳೆ ನೀರು ಅದರ ಕೆಳಗೆ ಇಳಿಯದೆ ಮರಳಲ್ಲೇ ತೇವವಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಮಾತ್ರ ಇಕ್ಕಟ್ಟಾದ ಬಾವಿ ತೋಡಿದರೆ ಆ ತೇವ ಹನಿಹನಿಯಾಗಿ ಒಸರಿ ತಳದಲ್ಲಿ ಸೇರುತ್ತದೆ. ದಿನಕ್ಕೆ ಕೆಲವೇ ಕೊಡ. ಆದರೆ ಸಿಹಿ ನೀರು. ಇದನ್ನು ಕಂಡುಹಿಡಿಯಲು ಎಷ್ಟು ತಲೆಮಾರು ಈ ಮರಳನ್ನು ನೋಡಿರಬೇಕು ಅಲ್ವಾ?

ಒಂದು ಗಾದೆ ಇದೆ ಇಲ್ಲಿ. ತುಪ್ಪ ಚೆಲ್ಲಿದರೆ ನನಗೇನೂ ಹೋಗುವುದಿಲ್ಲ, ನೀರು ಚೆಲ್ಲಿದರೆ ಜೀವ ಉರಿಯುತ್ತದೆ ಅಂತ ಅದರ ಅರ್ಥ. ನಮ್ಮ ಮಾತು ನೆನಪಿಸಿಕೊಳ್ಳಿ. ಯಾರಾದರೂ ದುಂದು ಮಾಡಿದರೆ "ನೀರಿನ ಹಾಗೆ ದುಡ್ಡು ಖರ್ಚು ಮಾಡ್ತಾನೆ" ಅನ್ನುತ್ತೇವೆ. ಕಾಕೀಸಾಗೆ ಈ ಮಾತನ್ನು ಹಿಂದಿಯಲ್ಲಿ ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ. "ಅಂದರೆ ಬಹಳ ಜಿಪುಣನಾ?" ಎಂದು ಕೇಳಿದರು.

ಅಡುಗೆ ಮನೆಗೆ ಬರೋಣ. ಅಲ್ಲಿ ಈ ನೆಲ ಇನ್ನೂ ಚೆನ್ನಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಸೊಪ್ಪು ತರಕಾರಿ ಬೆಳೆಯದ ನಾಡು. ಹಸು, ಎಮ್ಮೆ, ಆಡು ಇವೆ. ಹಾಗಾಗಿ ಎಷ್ಟೋ ಪದಾರ್ಥಗಳಲ್ಲಿ ನೀರಿನ ಜಾಗಕ್ಕೆ ಮಜ್ಜಿಗೆ ಬಂದಿದೆ. ಸಜ್ಜೆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಾಯಿಸಿದರೆ ರಾಬ್. ಕಡಲೆಹಿಟ್ಟನ್ನು ನಾದಿ, ಉದ್ದ ಉರುಳೆ ಮಾಡಿ, ಬೇಯಿಸಿ ಕತ್ತರಿಸಿ ಮೊಸರಿನ ಸಾರಿಗೆ ಹಾಕಿದರೆ ಗಟ್ಟೆ. ತರಕಾರಿ ಇಲ್ಲದ ದಿನ ಹಪ್ಪಳವನ್ನೇ ಪಲ್ಯ ಮಾಡುತ್ತಾರೆ. ಕೇರ್ ಅನ್ನುವ ಎಲೆಯೇ ಇಲ್ಲದಂಥ ಮುಳ್ಳು ಪೊದೆಯ ಕಾಯಿ, ಸಾಂಗ್ರಿ ಅನ್ನುವ ಮರದ ಕೋಡು, ಎರಡನ್ನೂ ಒಣಗಿಸಿ ಡಬ್ಬಕ್ಕೆ ತುಂಬಿಡುತ್ತಾರೆ. ಬೇಕಾದಾಗ ನೆನೆಸಿ, ಎಣ್ಣೆ, ಖಾರ ಜಾಸ್ತಿ ಹಾಕಿ ಮಾಡಿದರೆ ಪ್ರಯಾಣಕ್ಕೂ ಕೆಡುವುದಿಲ್ಲ.

ಕಾಕೀಸಾ ಕೇರ್ ಒಣಗಿಸುವಾಗ ನನಗೆ ಅಮ್ಮನ ಏಪ್ರಿಲ್ ತಿಂಗಳು ನೆನಪಾಗುತ್ತದೆ. ಹಲಸಿನ ಹಪ್ಪಳ, ಸಂಡಿಗೆ, ಉಪ್ಪುನೀರಲ್ಲಿ ಮಾವಿನ ಮಿಡಿ, ಮಣ್ಣಲ್ಲಿ ಹೂತಿಟ್ಟ ಹಲಸಿನ ಬೀಜ. ಮೇಲ್ನೋಟಕ್ಕೆ ಇಬ್ಬರದೂ ಒಂದೇ ಕೆಲಸ. ಆದರೆ ಅಮ್ಮನಿಗೆ ಆತುರ. ಮಳೆ ಹಿಡಿದರೆ ಮೂರು ತಿಂಗಳು ಬಿಸಿಲಿಲ್ಲ, ಅಷ್ಟರೊಳಗೆ ಒಣಗಬೇಕು. ಆಕಾಶ ನೋಡಿ ನೋಡಿ ಚಾಪೆ ಎಳೆದಾಡುತ್ತಾರೆ. ಕಾಕೀಸಾಗೆ ಬಿಸಿಲಿನ ಚಿಂತೆ ಇಲ್ಲ, ಅದು ಬೇಕಾದಷ್ಟಿದೆ. ಕಾಯಿ ಮಾತ್ರ ಕೆಲವೇ ವಾರ. ಒಬ್ಬರು ಮಳೆಗಾಲಕ್ಕೆ ಕೂಡಿಡುತ್ತಾರೆ, ಇನ್ನೊಬ್ಬರು ಮಳೆ ಇಲ್ಲದ ಕಾಲಕ್ಕೆ. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡಿಸಬೇಕು ಅಂತ ನನಗೆ ಆಸೆ. ಅಮ್ಮನ ಒಂದೆಲಗದ ತಂಬುಳಿಯನ್ನು ಕಾಕೀಸಾಗೆ ಮಾಡಿ ಕೊಟ್ಟೆ. ಎಲೆಯನ್ನು ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. "ಇದು ನಮ್ಮದೇ ಮಜ್ಜಿಗೆ, ನಿಮ್ಮ ಕಾಡು ಸೇರಿದೆ" ಅಂದರು. ಅದಕ್ಕಿಂತ ಚೆನ್ನಾಗಿ ತಂಬುಳಿಯನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ಸಾಂಗ್ರಿ ಕೊಡುವ ಮರ ಖೇಜ್ರಿ. ಅದು ನಮ್ಮ ಬನ್ನಿ ಮರ! ಇದು ತಿಳಿದ ದಿನ ನನಗೆ ಮೈ ಜುಮ್ಮೆಂದಿತು. ವಿಜಯದಶಮಿಗೆ ನಾವು ಪೂಜೆ ಮಾಡುವ, ಉತ್ತರ ಕರ್ನಾಟಕದವರು ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಅನ್ನುವ ಅದೇ ಮರ. ಪಾಂಡವರು ಆಯುಧ ಅಡಗಿಸಿಟ್ಟ ಮರ ಅಂತ ನಮಗೆ ಗೊತ್ತು. ಇವರಿಗೆ ಅದು ಅನ್ನ. ಕೋಡು ಮನುಷ್ಯರಿಗೆ, ಸೊಪ್ಪು ಆಡಿಗೆ, ಒಣ ರೆಂಬೆ ಒಲೆಗೆ. ಬೇರು ಆಳಕ್ಕೆ ಹೋಗುತ್ತದೆ. ಹಾಗಾಗಿ ಅದರ ಬುಡದಲ್ಲೇ ಸಜ್ಜೆ ಬಿತ್ತುತ್ತಾರೆ, ಬೆಳೆಗೆ ತೊಂದರೆ ಇಲ್ಲ, ಒಳ್ಳೆಯದೇ. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡ್ಲಿ ಹಳ್ಳಿಗೆ ಈ ಮರ ಕಡಿಯಲು ಬಂದರು. ಅಮೃತಾ ದೇವಿ ಎಂಬ ಬಿಷ್ಣೋಯಿ ಸಮುದಾಯದ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳನ್ನೂ ಕಡಿದರು. ಒಟ್ಟು 363 ಜನ ಪ್ರಾಣ ಕೊಟ್ಟರು. ಆ ಹಳ್ಳಿ ನನ್ನ ಮನೆಯಿಂದ ಒಂದು ಗಂಟೆಯ ದಾರಿಯೂ ಇಲ್ಲ. ಮೊದಲ ಸಲ ಹೋದಾಗ ಮರದ ಕಾಂಡಕ್ಕೆ ಕೈ ಇಟ್ಟು ಸುಮ್ನೆ ನಿಂತುಬಿಟ್ಟೆ. ಮಾತು ಬರಲಿಲ್ಲ.

ಈಗ ಅದೇ ಖೇಜ್ರಿಗೆ ಮತ್ತೆ ಕೊಡಲಿ ಬಿದ್ದಿದೆ. ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾಯಿತು. ಆ ಬಿಸಿಲೇ ಈಗ ಸಂಪತ್ತು. ಪಕ್ಕದ ಭಡ್ಲಾದಲ್ಲಿ ಸುಮಾರು 14 ಸಾವಿರ ಎಕರೆಯಲ್ಲಿ ಸೌರ ಫಲಕ ಹರಡಿದ್ದಾರೆ, 2245 ಮೆಗಾವಾಟ್. ದೇಶಕ್ಕೆ ವಿದ್ಯುತ್ ಬೇಕು, ಸೌರ ವಿದ್ಯುತ್ ಕಲ್ಲಿದ್ದಲಿಗಿಂತ ಒಳ್ಳೆಯದು. ಅದನ್ನು ನಾನು ಒಪ್ಪುತ್ತೇನೆ. ಆದರೆ ಪಶ್ಚಿಮ ರಾಜಸ್ಥಾನದಲ್ಲಿ ಸೌರ ಘಟಕಗಳಿಗಾಗಿ ಖೇಜ್ರಿ ಕಡಿಯುತ್ತಿದ್ದಾರೆ, ಜನ ಧರಣಿ ಕೂತಿದ್ದಾರೆ. ಆಡು ಮೇಯಿಸುವವನಿಗೆ ಗೋಮಾಳ ಹೋಗುತ್ತದೆ. ಅವನ ನೆಲದ ಬಿಸಿಲು ಎಲ್ಲೋ ದೂರದ ಊರಿನ ದೀಪವಾಗುತ್ತದೆ.

ಈ ಕತೆ ನನಗೆ ಗೊತ್ತು. ನಾನು ಮುಳುಗಡೆಯ ನಾಡಿನವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಸುಮಾರು 300 ಚದರ ಕಿ.ಮೀ. ನೆಲದ ಮೇಲೆ ನೀರು ನಿಂತಿತು. ಹೊಸನಗರ, ಸಾಗರ ತಾಲ್ಲೂಕಿನ ಎಷ್ಟೋ ಹಳ್ಳಿ ಅದರಡಿ ಹೋದವು. ನಮ್ಮ ಅಜ್ಜನ ಗದ್ದೆಯೂ ಅಲ್ಲೇ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬದು ಕಾಣುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. ಶರಾವತಿ ಇಡೀ ಕರ್ನಾಟಕಕ್ಕೆ ಬೆಳಕು ಕೊಟ್ಟಳು. ಹಿನ್ನೀರಿನ ದಂಡೆಯ ಹಳ್ಳಿಗಳು ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಇದ್ದವು. ನಮ್ಮಲ್ಲಿ ನೀರು ಜಾಸ್ತಿ ಇತ್ತು, ಇಲ್ಲಿ ಬಿಸಿಲು ಜಾಸ್ತಿ ಇದೆ. ಯಾವುದು ಜಾಸ್ತಿ ಇದೆಯೋ ಅದನ್ನು ಹೊರಗಿನವರು ತೆಗೆದುಕೊಳ್ಳುತ್ತಾರೆ. ಬದಲಿಗೆ ಅಲ್ಲಿಯವರಿಗೆ ಏನು ಉಳಿಯಬೇಕು ಅನ್ನುವುದನ್ನು ಮೊದಲೇ ಕೇಳುವುದಿಲ್ಲ. ಇದು ಮಾತ್ರ ಮಳೆನಾಡಿಗೂ ಮರುಭೂಮಿಗೂ ಒಂದೇ ಥರ.

ಇಷ್ಟೆಲ್ಲ ಹೇಳುವಾಗ ಮಾರವಾಡದಲ್ಲಿ ಎಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಹಳೇ ಮೆಟ್ಟಿಲುಬಾವಿಗಳಿಂದ ನಾರು ಹುಣ್ಣು ಹರಡುತ್ತಿತ್ತು. ಕಾಲಿನಿಂದ ಮೊಳದುದ್ದದ ಹುಳ ಹೊರಬರುವ ರೋಗ. ದೇಶದ ಕೊನೆಯ ಪ್ರಕರಣ 1996ರಲ್ಲಿ ಸಿಕ್ಕಿದ್ದು ಇದೇ ಜೋಧಪುರ ಜಿಲ್ಲೆಯಲ್ಲಿ. ಇಲ್ಲಿ ಮರ ಕಡಿಮೆ, ಕಲ್ಲು ಧಾರಾಳ. ಹಾಗಾಗಿ ಗೋಡೆ ಕಲ್ಲು, ಚಾವಣಿಯೂ ಉದ್ದನೆಯ ಕಲ್ಲಿನ ಪಟ್ಟಿ. ಆ ಕಲ್ಲು ಕಡಿಯುವವರ ಎದೆಯಲ್ಲಿ ದೂಳು ಕೂರುತ್ತದೆ, ಸಿಲಿಕೋಸಿಸ್. ಸಾಲದ ಕಡತದಲ್ಲಿ ಗಂಡನ ಹೆಸರಿನ ಹಿಂದೆ 'ದಿವಂಗತ' ಅಂತ ಬರೆದಿರುವ ಮೂವತ್ತರ ಹರೆಯದ ಹೆಂಗಸರನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಕಾಡಿಗೂ ಅದರದೇ ರೋಗ ಇದೆ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಕಾಡಿಗೆ ದರಕು, ಅಂದರೆ ಒಣಗಿದ ಎಲೆ, ಗುಡಿಸಲು ಹೋದವರನ್ನು ಹಿಡಿಯುತ್ತದೆ. ನೆಲ ಹೊಟ್ಟೆಗೂ ಕೊಡುತ್ತದೆ, ಹೀಗೆ ಜೀವವನ್ನೂ ಕೇಳುತ್ತದೆ.

ಇನ್ನು ಕಾಲುವೆಯ ವಿಷಯ. ಪಂಜಾಬಿನ ಹರಿಕೆ ಹತ್ತಿರ ಸಟ್ಲೆಜ್, ಬಿಯಾಸ್ ಕೂಡುವಲ್ಲಿಂದ ಇಂದಿರಾ ಗಾಂಧಿ ಕಾಲುವೆ ಹೊರಡುತ್ತದೆ. ಅದರ ನೀರನ್ನು ಹಂತ ಹಂತವಾಗಿ ಮೇಲೆತ್ತಿ ಜೋಧಪುರಕ್ಕೆ ತಂದರು. ಹೆಂಗಸರು ಕೊಡ ಹೊತ್ತು ನಡೆಯುವುದು ತಪ್ಪಿತು. ಅದು ಸಣ್ಣ ಮಾತಲ್ಲ, ಕಾಕೀಸಾ ಇವತ್ತಿಗೂ ಆ ನೀರಿಗೆ ಕೈಮುಗಿಯುತ್ತಾರೆ. ಆದರೆ ನಲ್ಲಿ ಬಂದ ಮೇಲೆ ಬಾವಿಗಳಿಂದ, ಝಾಲರಾ ಅನ್ನುವ ಮೆಟ್ಟಿಲುಬಾವಿಗಳಿಂದ ನೀರು ಸೇದುವವರು ಇಲ್ಲವಾದರು. ಕೆರೆ, ಪೈಪುಗಳಿಂದ ಸೋರಿದ ನೀರು ಕೆಳಗೆ ಸೇರುತ್ತಾ ಹೋಯಿತು. ಅಂತರ್ಜಲ ಏರಿತು. ಹಳೇ ಊರಿನ ನೆಲಮಾಳಿಗೆಗಳಲ್ಲಿ ನೀರು ನಿಂತಿತು. ಮರುಭೂಮಿಯ ಪಟ್ಟಣದಲ್ಲಿ ಅಂಗಡಿಯವರು ಪಂಪ್ ಇಟ್ಟು ನೆಲಮಾಳಿಗೆಯ ನೀರನ್ನು ಚರಂಡಿಗೆ ಬಿಡುವುದನ್ನು ನಾನೇ ನೋಡಿದ್ದೇನೆ. 1740ರ ದಶಕದಲ್ಲಿ ಕಟ್ಟಿದ ತೂರ್‌ಜಿ ಕಾ ಝಾಲರಾ ವರ್ಷಗಟ್ಟಲೆ ಕಸದಲ್ಲಿ ಮುಳುಗಿತ್ತು. ಅದನ್ನು ಚೊಕ್ಕಟ ಮಾಡಿದ್ದು ಈಚೆಗೆ.

ಬೆಂಗಳೂರಿಗರಿಗೆ ಇದು ಹೊಸದಾಗಿ ಕೇಳಿಸಲಾರದು. ನೂರು ಕಿ.ಮೀ. ದೂರದ ಕಾವೇರಿ ನೀರು ಬಂದ ಮೇಲೆ ಮನೆ ಪಕ್ಕದ ಕೆರೆ ನಮಗೆ ಸೈಟಾಗಿ ಕಾಣತೊಡಗಿತು. ರಾಜಸ್ಥಾನ ಬಿಟ್ಟರೆ ಬರಕ್ಕೆ ತುತ್ತಾಗುವ ನೆಲ ಹೆಚ್ಚಾಗಿರುವುದು ಕರ್ನಾಟಕದಲ್ಲೇ ಅನ್ನುತ್ತಾರೆ. ಕೋಲಾರ, ಚಿತ್ರದುರ್ಗದವರಿಗೆ ಈ ನೀರಿನ ಎಚ್ಚರ ನಾನು ಹೇಳಿಕೊಡಬೇಕಿಲ್ಲ. ಅವರ ಹಿರಿಯರು ಕೆರೆ ಕಟ್ಟಿಯೇ ಬದುಕಿದವರು. ನಾನು ಹೇಳಬೇಕಿರುವುದು ನಮ್ಮ ಮಲೆನಾಡಿನವರಿಗೆ. ಏಪ್ರಿಲ್ ಬಂದರೆ ನಮ್ಮ ತಾಲ್ಲೂಕುಗಳಲ್ಲೂ ಟ್ಯಾಂಕರ್ ಓಡಾಡುತ್ತಿದೆ. ಗುಡ್ಡದ ಮೇಲಿನ ಕಾಡು ಹೋಗಿ ಅಕೇಶಿಯಾ ಬಂತು. ಗದ್ದೆಗಳು ತೋಟವಾದವು, ನಿಂತು ಇಂಗುವ ನೀರು ಹೋಯಿತು. ತೋಟಕ್ಕೆ ಬೋರ್‌ವೆಲ್ ಬಂತು. ಕಳೆದ ಬೇಸಿಗೆ ಊರಿಗೆ ಹೋದಾಗ ನಮ್ಮ ಅಬ್ಬಿ ನೀರು ಬೆರಳಿನಷ್ಟು ಸಣ್ಣಗಾಗಿತ್ತು. ರಾತ್ರಿ ಸದ್ದು ಕೇಳದೆ ನಿದ್ದೆ ಬರಲಿಲ್ಲ. ಅಮ್ಮ ಬಚ್ಚಲಲ್ಲಿ ಕೊಡ ಇಟ್ಟು ಕಾಯುತ್ತಿದ್ದರು. ಮಾಡಿನ ಹಂಚಿನಿಂದ ಮಳೆಗಾಲದಲ್ಲಿ ಲಕ್ಷಗಟ್ಟಲೆ ಲೀಟರ್ ಸುರಿಯುವ ಮನೆಯಲ್ಲಿ ಹಿಡಿದಿಡಲು ಒಂದು ತೊಟ್ಟಿ ಇಲ್ಲ. 350 ಮಿ.ಮೀ. ಮಳೆಯವರ ಮನೆಯಲ್ಲಿ ಇದೆ.

ಕಾಕೀಸಾ ಮನೆಯ ಟಾಂಕಾಕ್ಕೂ ಈಗ ಕುತ್ತು ಬಂದಿದೆ. ಮಗನಿಗೆ ಕಾರು ನಿಲ್ಲಿಸಲು ಜಾಗ ಬೇಕು. ದಿನಾ ನಲ್ಲಿ ಬರುತ್ತೆ, ಅದನ್ನು ಮಣ್ಣು ಹಾಕಿ ಮುಚ್ಚೋಣ ಅನ್ನುತ್ತಾನೆ. ಅವನು ನನಗೂ ತಮ್ಮನ ಹಾಗೆ, ಅವನ ಕಷ್ಟ ನನಗೆ ಅರ್ಥವಾಗುತ್ತದೆ, ಓಣಿಯಲ್ಲಿ ಕಾರಿಗೆ ನಿಜಕ್ಕೂ ಜಾಗ ಇಲ್ಲ. ಕಾಕೀಸಾ ಏನೂ ಹೇಳಲಿಲ್ಲ. ಟಾಂಕಾದ ಬೀಗದ ಕೈಯನ್ನು ಓಢಣಿಯ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದರು. ಮುಚ್ಚುವುದು ಬೇಡ, ಮೇಲೆ ಗಟ್ಟಿ ಚಪ್ಪಡಿ ಹಾಕಿದರೆ ಕಾರೂ ನಿಲ್ಲುತ್ತದೆ, ನೀರೂ ಉಳಿಯುತ್ತದೆ ಅಂತ ನಾನು ಹಟ ಹಿಡಿದೆ. ಹೋದ ಭಾನುವಾರ ಒಬ್ಬ ಹಳೇ ಗಾರೆ ಕೆಲಸದವರನ್ನು ಕರೆತಂದೆ. ಅವರು ಏಣಿ ಇಳಿದು ಟಾರ್ಚ್ ಹಿಡಿದು ಸುತ್ತಲೂ ಗೋಡೆ ತಟ್ಟಿ ನೋಡಿದರು. ಮೇಲೆ ಬಂದು ಕೈ ಒರೆಸಿಕೊಂಡರು. ಸುಣ್ಣದ ಗಾರೆ, ಎಲ್ಲೂ ಬಿರುಕಿಲ್ಲ, ತಳದಲ್ಲಿ ಒಂದು ಗೇಣು ಹೂಳಿದೆ ಅಷ್ಟೆ ಅಂದರು. ಮಗ ಚಪ್ಪಡಿಗೆ ಎಷ್ಟಾಗುತ್ತದೆ ಅಂತ ಕೇಳಿದ. ಕಾಕೀಸಾ ಓಢಣಿಯ ಗಂಟು ಬಿಚ್ಚಿ ಬೀಗದ ಕೈಯನ್ನು ಅವನ ಕೈಗೆ ಕೊಟ್ಟರು. ಹೂಳು ತೆಗೆಯುವವರು ಗುರುವಾರ ಬರುತ್ತಾರೆ.